ಶಿರೂರಿಗೆ ಹೋದ ಕಾಗದ

ನಾನು ಕೆಲಸ ಮಾಡುವುದು ಪುಣೆಯ ಒಂದು ಸಣ್ಣ ಆಫೀಸಿನಲ್ಲಿ. ವೀಸಾಕ್ಕೆ ಬೇಕಾದ ಕಾಗದಪತ್ರ ಹೊಂದಿಸಿ ಕೊಡುವುದು ನಮ್ಮ ಕಸುಬು. ಅಲ್ಲಿ ಒಂದು ಪದ್ಧತಿ ಇದೆ. ಅರ್ಜಿಗೆ ಸಹಿ ಮಾಡಿಸುವ ಮೊದಲು ಅದರ ಪ್ರತಿ ಸಾಲನ್ನೂ ಗಿರಾಕಿಗೆ ಅವರದೇ ಭಾಷೆಯಲ್ಲಿ ಓದಿ ಹೇಳಬೇಕು, ಹೇಳಿದ ಸಾಲಿನ ಪಕ್ಕ ಪೆನ್ಸಿಲ್ಲಿನಿಂದ ಗೀಟು ಎಳೆಯಬೇಕು. ಗಂಡ ಹೆಂಡತಿ ಇದ್ದರೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಓದಬೇಕು. ಹಿಂದೊಮ್ಮೆ ಯಾರೋ "ನಾನು ಏನಕ್ಕೆ ಸಹಿ ಮಾಡಿದೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದು ಜಗಳಕ್ಕೆ ನಿಂತಿದ್ದರಂತೆ. ಆಮೇಲೆ ನಮ್ಮ ಮಾಲಕರು ಈ ನಿಯಮ ತಂದರು. ಆಫೀಸಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಹೀಗಾಗಿ ಕನ್ನಡದವರ ಫೈಲುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ನನ್ನ ಫೈಲು ಒಂದೂ ವಾಪಸು ಬಂದದ್ದಿಲ್ಲ ಎಂಬ ಜಂಬ ನನಗೆ ಬೇಕಾದಷ್ಟಿತ್ತು.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಪುಣೆಯ ಹತ್ತಿರದ ಶಿರೂರಿನಿಂದ ದಂಪತಿಗಳಿಬ್ಬರು ಬಂದರು. ಮೂಲತಃ ವಿಜಯಪುರದ ಕಡೆಯವರು. ಗಂಡ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತರಾದವರು. ಒಬ್ಬಳೇ ಮಗಳು ಥೈಲ್ಯಾಂಡಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ, ಅಲ್ಲಿಯೇ ಮನೆ ಮಾಡಿದ್ದಾಳೆ. ಅಪ್ಪ ಅವ್ವ ಅಲ್ಲಿಗೇ ಬಂದು ಇರಲಿ ಎಂದು ಅವಳ ಆಸೆ. ನಿವೃತ್ತರಿಗೆಂದೇ ಆ ದೇಶದವರು ಕೊಡುವ ದೀರ್ಘಾವಧಿಯ ವೀಸಾ ಇದೆ. ಇಬ್ಬರಿಗೂ ಅದೇ ಬೇಕಿತ್ತು. ನಾನು ಅವರನ್ನು ಕಾಕಾ, ಕಾಕು ಎಂದೇ ಕರೆಯತೊಡಗಿದೆ; ಅವರಿಬ್ಬರಿಗೂ ನಾನು 'ಬಾಯಾರು'.

ಕಾಕಾ ಕಾಗದಗಳ ವಿಷಯದಲ್ಲಿ ನನ್ನನ್ನೂ ಮೀರಿಸಿದವರು. ಪಿಂಚಣಿಯದು, ಬ್ಯಾಂಕಿನದು, ಮನೆಯದು ಎಂದು ಬೇರೆ ಬೇರೆ ಕವರು ಮಾಡಿ, ಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು ತಂದಿದ್ದರು. ಮಾತೂ ಬಹಳ. ಕಾಕುವನ್ನು ಏನು ಕೇಳಿದರೂ ಉತ್ತರ ಅವರಿಂದಲೇ ಬರುತ್ತಿತ್ತು.

"ಕಾಕು, ನಿಮಗ ಸಕ್ಕರಿ ಕಾಯಿಲೆ ಅದ ಏನ್ರಿ?"

"ಇಲ್ಲ ಬಾಯಾರ. ಆಕಿಗೆ ಮೊಣಕಾಲ ನೋವ ಒಂದ. ಅದೂ ನಾ ಜೋರಾಗಿ ನಡದ್ರ ಮಾತ್ರ" ಎಂದು ಕಾಕಾ ನಗುತ್ತಿದ್ದರು.

ಕಾಕು ಸೆರಗನ್ನು ಹೊದ್ದುಕೊಂಡು ಕಿಟಕಿಯ ಕಡೆ ನೋಡುತ್ತ ಕೂತಿರುತ್ತಿದ್ದರು. ಅರವತ್ತೆರಡು ವಯಸ್ಸು. ನೀರು ಕೊಟ್ಟರೆ ಲೋಟವನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದರು. ವಿನಯ ಎಂದುಕೊಂಡಿದ್ದೆ.

ಮೊದಲ ತೊಡಕು ಪೊಲೀಸ್ ಪ್ರಮಾಣಪತ್ರದ್ದು. ವಿಚಾರಣೆಗೆ ಪೇದೆ ಮನೆಗೆ ಬಂದ ದಿನವೇ ಇವರಿಬ್ಬರೂ ರಾಂಜಣಗಾಂವದ ಗಣಪತಿಗೆ ಹೋಗಿದ್ದರು. ಪೇದೆ 'ಮನೆಗೆ ಬೀಗ' ಎಂದು ಷರಾ ಬರೆದು ಹೋದರು. ಅದನ್ನು ಸರಿಪಡಿಸಲು ಮತ್ತೆ ಅರ್ಜಿ, ಮತ್ತೆ ಠಾಣೆ, ಅಕ್ಕಪಕ್ಕದವರ ಹೇಳಿಕೆ ಎಂದು ಮೂರು ವಾರ ಹಿಡಿಯಿತು. ಕೊನೆಗೂ ಪ್ರಮಾಣಪತ್ರ ಕೈಗೆ ಬಂತು. ಅದು ಬಂದ ದಿನದಿಂದ ಗಡಿಯಾರ ಓಡತೊಡಗುತ್ತದೆ. ಮೂರು ತಿಂಗಳಿಗಿಂತ ಹಳೆಯದಾದರೆ ದೂತಾವಾಸದಲ್ಲಿ ಅದು ನಡೆಯುವುದಿಲ್ಲ.

ಇನ್ನು ಉಳಿದದ್ದು ವೈದ್ಯಕೀಯ ಪ್ರಮಾಣಪತ್ರ. ಅದರ ನಮೂನೆಯನ್ನು ದೂತಾವಾಸವೇ ಕೊಡುತ್ತದೆ. ಈ ವ್ಯಕ್ತಿಗೆ ಇಂತಿಂಥ ರೋಗಗಳಿಲ್ಲ ಎಂದು ವೈದ್ಯರು ಅದಕ್ಕೆ ಸಹಿ ಹಾಕಬೇಕು. ಪದ್ಧತಿಯಂತೆ ಇಬ್ಬರನ್ನೂ ಕೂರಿಸಿಕೊಂಡು ಓದಿದೆ. "ಕುಷ್ಠ" ಎಂದೆ, ಗೀಟು ಎಳೆದೆ. "ಕ್ಷಯ" ಎಂದೆ. "ಆನೆಕಾಲು" ಎಂದೆ.

"ಯಾವುದೂ ಇಲ್ಲ, ಬರಕೋರಿ. ಇಬ್ಬರದೂ ಕೂಡೇ ಬರಕೋರಿ" ಎಂದರು ಕಾಕಾ.

ಆಗ ಕಾಕು ಮೊದಲ ಬಾರಿಗೆ ತಾವಾಗಿ ಮಾತಾಡಿದರು. "ಬಾಯಾರ, ಇದು ಈಗ ಇಲ್ಲಂತ ಹೇಳೋದೋ, ಎಂದೂ ಇದ್ದಿಲ್ಲಂತ ಹೇಳೋದೋ?"

ನಾನು ಆ ಹಾಳೆಯನ್ನು ಮತ್ತೊಮ್ಮೆ ನೋಡಬೇಕಿತ್ತು. ಕಣ್ಣ ಮುಂದೆಯೇ ಇತ್ತು. ನಾಲ್ಕೇ ಸಾಲು. ಆದರೆ ನೋಡಲಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ ಬಿಗಿಯಾದ ಉತ್ತರ ಕೊಟ್ಟುಬಿಟ್ಟರೆ ನಾಳೆ ನನ್ನ ತಲೆಗೆ ಬರುವುದಿಲ್ಲ ಎಂಬುದು ನಮ್ಮ ಕಸುಬಿನವರ ಚಾಳಿ. "ಎಂದಾದರೂ ಇದ್ದಿದ್ರೂ ಹೇಳಬೇಕಾಗತದ್ರಿ ಕಾಕು. ಮುಚ್ಚಿಟ್ಟದ್ದು ಆಮ್ಯಾಲ ಗೊತ್ತಾದ್ರ ವೀಸಾನೇ ರದ್ದ ಮಾಡತಾರ" ಎಂದೆ. ರದ್ದಿನ ಮಾತನ್ನು ನಾನೇ ಸೇರಿಸಿದ್ದೆ, ತೂಕಕ್ಕಿರಲಿ ಎಂದು.

ಕಾಕು ಮತ್ತೆ ಕಿಟಕಿಯ ಕಡೆ ತಿರುಗಿದರು. "ಆಕಿ ಹಂಗ, ಎಲ್ಲಾದಕ್ಕೂ ಅಂಜತಾಳ" ಎಂದು ಕಾಕಾ ಎದ್ದರು. ಬಸ್ಸಿನ ಹೊತ್ತಾಗಿತ್ತು.

ಮರುದಿನ ಆಫೀಸು ತೆರೆಯುವ ಹೊತ್ತಿಗೆ ಕಾಕು ಒಬ್ಬರೇ ಬಾಗಿಲಲ್ಲಿ ನಿಂತಿದ್ದರು. ಗೆಳತಿಯನ್ನು ಆಸ್ಪತ್ರೆಯಲ್ಲಿ ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ, ಮೊದಲ ಎಸ್.ಟಿ. ಬಸ್ಸು ಹಿಡಿದು ಬಂದಿದ್ದರು. ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು, ಎಡಗೈಯ ಕೊನೆಯ ಎರಡು ಬೆರಳುಗಳನ್ನು ಮೇಜಿನ ಮೇಲಿಟ್ಟು ತೋರಿಸಿದರು. ಸ್ವಲ್ಪ ಬಾಗಿದ್ದವು, ಅಷ್ಟೇ.

"ಇವಕ್ಕ ಬಿಸಿ ಗೊತ್ತಾಗಂಗಿಲ್ಲ" ಎಂದರು. "ಹದಿನಾಲ್ಕು ವರ್ಷದಾಕಿ ಇದ್ದೆ. ಸಾಲಿಗೆ ತಪಾಸಣಿಗೆ ಬಂದವರು ತೋಳಿನ ಮ್ಯಾಲಿನ ಬಿಳಿ ಕಲೆ ನೋಡಿ ದೊಡ್ಡ ರೋಗ ಅಂದ್ರು. ನಮ್ಮವ್ವ ಮೂರು ವರ್ಷ ಗುಳಿಗಿ ನುಂಗಿಸಿದ್ಲು, ಯಾರಿಗೂ ಗೊತ್ತಾಗದಂಗ. ವಾಸಿ ಆತು ಅಂದಮ್ಯಾಲ ಚೀಟಿ ಒಲಿಗೆ ಹಾಕಿದ್ಲು. ಲಗ್ನದ ಮುಂದ ತುಳಸಿ ಮುಟ್ಟಿಸಿ ಆಣಿ ತಗೊಂಡ್ಲು, ಅತ್ತಿ ಮನ್ಯಾಗ ಬಾಯಿ ಬಿಡಬ್ಯಾಡ ಅಂತ."

"ಕಾಕಾಗ?"

"ಗೊತ್ತಿಲ್ಲ." ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಒಂದು ಕೆಲಸ ಮಾಡ್ರಿ ಬಾಯಾರ. ನನ್ನ ಕಾಗದ ಎಲ್ಲೋ ಕೂಡಿ ಬರಲಿಲ್ಲಂತ ಹೇಳ್ರಿ. ಅವರು ಹೋಗಲಿ. ಮಗಳಿಗೂ ಅಪ್ಪ ಅಂದ್ರ ಜೀವ. ನಾ ಇಲ್ಲೇ ತಮ್ಮನ ಮನ್ಯಾಗ ಇರತೀನಿ" ಎಂದರು.

ಒಂದು ಮಾತು ಹೊರಗೆ ಬರದಿರಲಿ ಎಂದು ಗಂಡನನ್ನೂ ಮಗಳನ್ನೂ ಬಿಟ್ಟು ಇರಲು ಆಕೆ ತಯಾರಾಗಿ ಬಂದಿದ್ದರು. ಆಗಲಾದರೂ ಆ ನಾಲ್ಕು ಸಾಲನ್ನು ಓದಿದ್ದರೆ! ನನಗೆ ಮರುಕ ಬಂತು. ಮರುಕ ಬಂದರೆ ನನಗೆ ಹೊಸದೊಂದು ಕಾಗದ ಹುಟ್ಟಿಸುವ ಉತ್ಸಾಹವೂ ಬರುತ್ತದೆ. "ಯಾಕ ಬಿಡತೀರಿ ಕಾಕು? ವಾಸಿ ಆಗ್ಯದ ಅಂತ ನಿಮ್ಮ ಜಿಲ್ಲಾದ ಆರೋಗ್ಯ ಆಫೀಸಿನಿಂದ ಒಂದು ಪತ್ರ ತರಿಸೋಣು. ಅದನ್ನ ಡಾಕ್ಟರ್ ಕಡೆ ಕೊಟ್ರ ಮುಗೀತು. ಕಾಕಾಗ ಏನೂ ಗೊತ್ತಾಗಂಗಿಲ್ಲ" ಎಂದೆ.

"ಉತ್ತರ ಎಲ್ಲಿಗೆ ಬರತದ?"

"ಇಲ್ಲಿಗೇ, ನಮ್ಮ ಆಫೀಸಿಗೆ."

ಅವರನ್ನು ಕೂರಿಸಿಕೊಂಡೇ ಅರ್ಜಿ ಟೈಪು ಮಾಡಿದೆ. ದಿನವಿಡೀ ಇಂಗ್ಲಿಷು ಮರಾಠಿಗಳಲ್ಲೇ ಕಳೆಯುವ ನನಗೆ ಕನ್ನಡದಲ್ಲಿ ಅರ್ಜಿ ಬರೆಯುವ ಅವಕಾಶ ಸಿಕ್ಕಿ ಎಷ್ಟೋ ದಿನವಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಗಿತ್ತು. 'ವಿಷಯ: ಬಾಲ್ಯದಲ್ಲಿ ಪಡೆದ ಕುಷ್ಠರೋಗ ಚಿಕಿತ್ಸೆಯು ಪೂರ್ಣಗೊಂಡಿರುವ ಬಗ್ಗೆ ದೃಢೀಕರಣ ಪತ್ರ ನೀಡುವ ಕುರಿತು' ಎಂದು ಒಂದೇ ಉಸಿರಿಗೆ ಬರೆದೆ. ಕೆಳಗೆ ಹೆಸರು, ವಿಳಾಸ. ನಮ್ಮಲ್ಲಿ ವಿಳಾಸ ಎಂದರೆ ಆಧಾರ್ ಕಾರ್ಡಿನಲ್ಲಿ ಇರುವಂತೆಯೇ, ಒಂದು ಅಕ್ಷರ ಹೆಚ್ಚು ಕಡಿಮೆಯಾಗಬಾರದು. ಕೈ ತನ್ನಷ್ಟಕ್ಕೆ ಶಿರೂರಿನ ಮನೆಯ ನಂಬರು, ಓಣಿ, ಪಿನ್ ಕೋಡು ಎಲ್ಲವನ್ನೂ ಹೊಡೆದು ಮುಗಿಸಿತು. ಕಾಕು ಮರಾಠಿ, ಕನ್ನಡ ಎರಡೂ ಓದಬಲ್ಲರು. ಆದರೆ ಕನ್ನಡಕ ತಂದಿರಲಿಲ್ಲ. ನಾನು ಎಲ್ಲರಿಗೂ ಸಾಲು ಸಾಲು ಓದಿ ಹೇಳುವವಳು ಆ ದಿನ ಓದಿ ಹೇಳಲಿಲ್ಲ. ಕುಷ್ಠರೋಗಕ್ಕೆ ಮರಾಠಿಯಲ್ಲೂ ಅದೇ ಶಬ್ದ, ಪಕ್ಕದ ಮೇಜಿನವರಿಗೆ ಕೇಳಿಸೀತೆಂಬ ಸೂಕ್ಷ್ಮ ನನಗಿತ್ತಂತೆ! ಅವರು ಸಹಿ ಮಾಡಿದರು. ಮಧ್ಯಾಹ್ನದೊಳಗೆ ಅರ್ಜಿ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು.

ಎರಡು ವಾರ ಕಳೆದು ನಾನು ತಪಾಸಣೆಗೆ ದಿನ ಗೊತ್ತುಮಾಡಲು ಡಾಕ್ಟರರ ಹತ್ತಿರ ಹೋದೆ. ಚರ್ಮರೋಗದ ಅನುಭವವಿರುವ ಹಿರಿಯರೇ ಇರಲಿ ಎಂದು ಹುಡುಕಿ ಹಿಡಿದಿದ್ದೆ. ಹೆಸರು ಹೇಳದೆ ವಿಷಯ ತಿಳಿಸಿ, "ಪತ್ರ ಬರುವವರೆಗೆ ಕಾಯುತ್ತಿದ್ದೇವೆ" ಎಂದೆ. ಅವರು ನಮೂನೆಯ ಹಾಳೆ ತೆಗೆದುಕೊಂಡು ಓದಿದರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಹೇ ಕುಣೀ ಸಾಂಗಿತಲಂ ತುಮ್ಹಾಲಾ?" ಎಂದರು. ಹೀಗೆಂದು ನಿಮಗೆ ಹೇಳಿದವರು ಯಾರು? "ಈಗ ಇದೆಯೇ ಎಂದಷ್ಟೇ ಇಲ್ಲಿ ಕೇಳಿದ್ದಾರೆ. ನಲವತ್ತೈದು ವರ್ಷದ ಹಿಂದೆ ವಾಸಿಯಾದ ರೋಗವನ್ನು ಯಾರೂ ಕೇಳಿಲ್ಲ. ಅವರನ್ನು ಕರೆದುಕೊಂಡು ಬನ್ನಿ, ನೋಡಿ ಸಹಿ ಮಾಡುತ್ತೇನೆ. ಪತ್ರ ಗಿತ್ರ ಯಾಕೆ ಬೇಕು?"

ಹೊರಗಿನ ಬೆಂಚಿನ ಮೇಲೆ ಕೂತು ಆ ನಾಲ್ಕು ಸಾಲನ್ನು ನಾಲ್ಕು ಸಲ ಓದಿದೆ. ಪರೀಕ್ಷಿಸಿದ್ದೇನೆ, ಈ ರೋಗಗಳಿಂದ ಬಳಲುತ್ತಿಲ್ಲ. ಇಷ್ಟೇ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಆಫೀಸಿಗೆ ಓಡಿ ಬಂದು ಆ ಜಿಲ್ಲಾ ಕಚೇರಿಗೆ ಫೋನು ಮಾಡಿದೆ. ಅರ್ಜಿಯನ್ನು ಹಿಂದೆ ತೆಗೆದುಕೊಳ್ಳುತ್ತೇವೆ ಎಂದೆ. ಅತ್ತ ಕಡೆಯ ಗುಮಾಸ್ತರು ಬಹಳ ಸೌಜನ್ಯದವರು. "ಮ್ಯಾಡಮ್, ಹಿರಿಯ ನಾಗರಿಕರದ್ದಂತ ನಾವು ಬೇಗನ ಮಾಡಿ ಕಳಿಸೀವ್ರಿ. ನಾಲ್ಕು ದಿನ ಆತು."

"ಎಲ್ಲಿಗೆ ಕಳಿಸೀರಿ?"

"ಅರ್ಜಿದಾಗ ಇದ್ದ ವಿಳಾಸಕ್ಕ. ಶಿರೂರ."

ನಮ್ಮಲ್ಲಿ ಉಳಿದಿದ್ದ ಪ್ರತಿಯನ್ನು ತೆಗೆದು ನೋಡಿದೆ. ಹೌದು, ಶಿರೂರು. ಮಾಲಕರಿಗೆ ಹೇಳಿದೆ. ಅವರು ನೆಟಿಕೆ ಮುರಿಯುತ್ತ, "ನೀನು ಸುಮ್ಮನಿರು. ಟಪಾಲು ಎಷ್ಟೋ ಸಲ ತಲುಪುವುದೇ ಇಲ್ಲ. ಹೋಗಿ ಹೇಳಿದರೆ ನೀನೇ ಸಿಕ್ಕಿಬೀಳುತ್ತೀಯ" ಎಂದರು ಮರಾಠಿಯಲ್ಲಿ. ಒಂದು ಇಡೀ ದಿನ ನಾನು ಅವರ ಮಾತಿನಂತೆ ಸುಮ್ಮನಿದ್ದೆ. ಅದನ್ನೂ ಇಲ್ಲಿ ಬರೆಯಲೇಬೇಕು. ಕಾಕುಗೆ ಫೋನು ಮಾಡಿ ಎಚ್ಚರಿಸಬಹುದಿತ್ತು. ಮಾಡಲಿಲ್ಲ. ಫೋನು ಕಾಕಾ ಎತ್ತಿದರೆ ಎಂಬ ನೆಪ ಹೇಳಿಕೊಂಡೆ. ನಿಜವಾಗಿ ನನಗೆ ಹೆದರಿಕೆಯಾಗಿತ್ತು. ಮರುದಿನ ಶನಿವಾರ. ರಜೆ ಹಾಕಿ ಶಿರೂರಿನ ಬಸ್ಸು ಹತ್ತಿದೆ.

ಕಾಕಾ ಮೆಟ್ಟಿಲ ಮೇಲೆಯೇ ಕೂತಿದ್ದರು. ನನ್ನನ್ನು ನೋಡಿ ಎದ್ದರು, ಆದರೆ ಒಳಗೆ ಕರೆಯಲಿಲ್ಲ.

"ಬುಧವಾರ ಬಂತು" ಎಂದರು. "ಎಷ್ಟು ವರ್ಷ ಆತ್ರಿ ಬಾಯಾರ, ಈ ಮನಿಗೆ ಕನ್ನಡ ಕಾಗದ ಬಂದು. ಅಪ್ಪ ಹೋದಮ್ಯಾಲ ಬಂದೇ ಇಲ್ಲ. ಪಾಕೀಟ ಮ್ಯಾಲ ಕನ್ನಡ ಅಕ್ಷರ ನೋಡಿ ಎಷ್ಟು ಖುಷಿ ಆತಂದ್ರ, ಆಕಿ ಹೆಸರಿಗೆ ಬಂದದ ಅನ್ನೋದೂ ಲಕ್ಷ್ಯಕ್ಕ ಬರಲಿಲ್ಲ. ಆಕಿ ಒಳಗ ರೊಟ್ಟಿ ಬಡೀಲಿಕತ್ತಿದ್ಲು. ಕೇಳಿಲ್ಲಿ, ಊರಿಂದ ಕಾಗದ ಬಂದದ ಅಂತ ಹೇಳಿ, ಜೋರಾಗಿ ಓದಿದೆ."

ಅವರು ಓದಿದ್ದು ನಾನು ಬರೆದ ವಿಷಯದ ಸಾಲನ್ನು. ಸರಕಾರಿ ಉತ್ತರದಲ್ಲಿ ಅರ್ಜಿಯ ವಿಷಯವನ್ನು ಮೊದಲು ಹಾಗೆಯೇ ಎತ್ತಿ ಬರೆಯುತ್ತಾರೆ. ಕೆಳಗಿದ್ದ ಉತ್ತರ ಎರಡೇ ಸಾಲು: ಅಷ್ಟು ಹಳೆಯ ದಾಖಲೆಗಳು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.

"ರೊಟ್ಟಿ ಬಡಿಯೋ ಸಪ್ಪಳ ನಿಂತತು" ಎಂದರು ಕಾಕಾ. "ಆಮ್ಯಾಲ ಮತ್ತ ಶುರು ಆತು. ಮೂರು ದಿನ ಆತು, ಆಕಿ ನೀಡತಾಳ, ನಾ ಉಣತೀನಿ. ಏನಂತ ಮಾತು ತೆಗೀಲಿ?" ತಲೆ ತಗ್ಗಿಸಿ, "ಇದರಿಂದ ಆಕಿ ವೀಸಾ ತಪ್ಪತದೇನ್ರಿ?" ಎಂದು ಕೇಳಿದರು.

"ಇಲ್ರಿ ಕಾಕಾ."

"ಹಂಗಾರ ಈ ಪತ್ರ ಯಾಕ ಬೇಕಾಗಿತ್ತು?"

ಹಾವೂ ಸಾಯದ ಕೋಲೂ ಮುರಿಯದ ಉತ್ತರಗಳನ್ನು ಕೊಟ್ಟೇ ನಾನು ಹೊಟ್ಟೆ ಹೊರೆದವಳು. ಆ ಹೊತ್ತಿಗೆ ಅಂಥ ಎರಡು ಮೂರು ಉತ್ತರಗಳು ತಲೆಗೆ ಬಂದವು ಕೂಡ. "ಬೇಕಾಗಿರಲಿಲ್ರಿ" ಎಂದೆ. "ತಪ್ಪು ನಂದು. ಕಾಕು ಕೇಳಿದ್ರು, ನಾ ಫಾರ್ಮ್ ನೋಡದ ಹೇಳಿದೆ. ವಿಳಾಸಾನೂ ನಾನ ತಪ್ಪು ಹಾಕಿದೆ. ನನ್ನ ಮಾಫ್ ಮಾಡ್ರಿ."

ಅವರು ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೇರೆಯೇ ಯಾವುದೋ ಯೋಚನೆಯಲ್ಲಿದ್ದರು. "ನಮ್ಮ ಸ್ಟೋರಿನ್ಯಾಗ ಒಬ್ಬಾಂವ ಇದ್ದ" ಎಂದು ಮೆಲ್ಲಗೆ ಹೇಳಿದರು. "ಅವಗ ಈ ಬ್ಯಾನಿ ಇತ್ತಂತ ಸುದ್ದಿ ಹಬ್ಬಿತು. ವಾಸಿ ಆಗ್ಯದ ಅಂತ ಅಂವ ಕೈ ಮುಗದು ಹೇಳಿದ. ಅವನ ಚಹಾದ ಲೋಟ ಬ್ಯಾರೆ ಇಡ್ರಿ ಅಂತ ಮೊದಲ ಹೇಳಿದಾಂವ ನಾನ. ಮನಿಗೆ ಬಂದು ಆಕಿ ಮುಂದ ದೊಡ್ಡಸ್ತಿಕಿಲೆ ಹೇಳಿದೆ. ಆಕಿ ಹೂಂ ಅಂದ್ಲು. ಲಗ್ನಾಗಿ ಎರಡು ವರ್ಷ ಆಗಿತ್ತು ಆಗ."

ಇಬ್ಬರೂ ಒಳಗೆ ಹೋದೆವು. ಕಾಕು ಚಹಾಕ್ಕೆ ನೀರಿಟ್ಟಿದ್ದರು. ನಮ್ಮ ಮಾತು ಅವರಿಗೆ ಕೇಳಿಸಿತ್ತೋ ಇಲ್ಲವೋ ತಿಳಿಯಲಿಲ್ಲ. ನಾನು, "ಕಾಕು, ಆ ಪತ್ರ ಬೇಕಾಗೇ ಇರಲಿಲ್ರಿ. ಡಾಕ್ಟರು ಸಹಿ ಮಾಡತಾರ, ನೀವು ಬಂದ್ರ ಸಾಕು" ಎಂದೆ. ಕಾಕಾನ ಮುಂದೆ ಅಷ್ಟು ಸಲೀಸಾಗಿ ಬಂದ ಕ್ಷಮೆಯ ಮಾತು ಅವರ ಮುಂದೆ ಬರಲಿಲ್ಲ.

"ಸಕ್ಕರಿ ಎಷ್ಟು ಹಾಕಲಿ?" ಎಂದು ಕೇಳಿದರು ಕಾಕು.

ಕಾಕಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. "ಆ ಲೋಟದ ಮಾತು ನಾ ಆಡಬಾರದಿತ್ತು" ಎಂದರು, ಹೆಂಡತಿಯ ಬೆನ್ನಿಗೆ.

"ಬಾಯಾರ ಮುಂದ ಬ್ಯಾಡ್ರಿ" ಎಂದರು ಕಾಕು, ತಿರುಗದೆಯೇ. ನಾನು ಬಿಸಿ ಚಹಾವನ್ನು ಗಟಗಟನೆ ಕುಡಿದು ಹೊರಟುಬಿಟ್ಟೆ.

ಅಲ್ಲಿಂದ ಮುಂದೆ ಏನೂ ನಡೆಯಲಿಲ್ಲ. ಡಾಕ್ಟರರ ಹತ್ತಿರ ಎರಡು ಸಲ ದಿನ ಗೊತ್ತುಮಾಡಿದೆ, ಎರಡು ಸಲವೂ ಕಾಕಾ ಕಾಕು ಬರಲಿಲ್ಲ. ಫೋನು ಮಾಡಿದರೆ ಕಾಕಾ, "ಆಕಿ ಮೊಣಕಾಲು ಹಿಡದದಂತ್ರಿ" ಎನ್ನುತ್ತಿದ್ದರು. "ನಿಮ್ಮದಷ್ಟಾದರೂ ಕಳಿಸಲಾ?" ಎಂದು ಮಾಲಕರ ಒತ್ತಾಯಕ್ಕೆ ಒಮ್ಮೆ ಕೇಳಿದೆ. "ಆಕಿನ್ನ ಬಿಟ್ಟು ನನ್ನದೊಂದು ಕಾಗದಾನೂ ಹೊರಗ ಹೋಗಬಾರದು" ಎಂದು ಅವರು ಫೋನಿಟ್ಟರು. ಪೊಲೀಸ್ ಪ್ರಮಾಣಪತ್ರದ ಮೂರು ತಿಂಗಳು ಮುಗಿಯುವುದನ್ನು ನಾನು ದಿನವೂ ಕ್ಯಾಲೆಂಡರಿನಲ್ಲಿ ನೋಡುತ್ತಿದ್ದೆ. ಒಂದು ಶುಕ್ರವಾರ ಮುಗಿಯಿತು. ಇಬ್ಬರ ಫೈಲೂ ಮೊದಲಿನ ಸ್ಥಿತಿಗೆ ಬಂತು.

ಥೈಲ್ಯಾಂಡಿನಿಂದ ಮಗಳು ಫೋನು ಮಾಡಿ, "ಮ್ಯಾಡಮ್, ಅವ್ವಗ ಬರೋದು ಬ್ಯಾಡಾಗ್ಯದೇನು? ನನ್ನ ಮ್ಯಾಲ ಸಿಟ್ಟೇನು?" ಎಂದು ಕೇಳಿದಳು. ಪೊಲೀಸ್ ಪ್ರಮಾಣಪತ್ರ ತಡವಾಗುತ್ತಿದೆ ಎಂದೆ. ಒಂದು ತಪ್ಪಿಗೆ ಇನ್ನೊಂದು ಸುಳ್ಳು ಜೊತೆಯಾಯಿತು.

ಸುಮಾರು ಒಂದೂವರೆ ತಿಂಗಳ ನಂತರ, ಹೇಳದೆ ಕೇಳದೆ ಇಬ್ಬರೂ ಬಂದರು. ಕಾಕು ನೇರ ನನ್ನ ಮೇಜಿನ ಹತ್ತಿರ ಬಂದು, "ಡಾಕ್ಟರ್ ಇವತ್ತ ಸಿಗತಾರೇನ್ರಿ?" ಎಂದರು. ಮನೆಯಲ್ಲಿ ಆ ದಿನಗಳಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ತಿಳಿಯುವ ಹಕ್ಕೂ ನನಗಿಲ್ಲ. ಡಾಕ್ಟರರ ಕೋಣೆಯ ಬಾಗಿಲಲ್ಲಿ ಕಾಕಾ ಹೊರಗೇ ಕೂರಲು ಹೋದಾಗ ಕಾಕು, "ನೀವೂ ಬರ್ರಿ ಒಳಗ" ಎಂದರು. ಡಾಕ್ಟರು ಆ ಎರಡು ಬೆರಳುಗಳನ್ನು ಒತ್ತಿ ನೋಡಿದರು, ತೋಳು ನೋಡಿದರು, ಪೂರ್ತಿ ವಾಸಿಯಾಗಿದೆ ಎಂದು ಮರಾಠಿಯಲ್ಲಿ ಹೇಳಿ ಸಹಿ ಹಾಕಿದರು. ಹತ್ತು ನಿಮಿಷದ ಕೆಲಸ.

ಪೊಲೀಸ್ ಪ್ರಮಾಣಪತ್ರಕ್ಕೆ ಹೊಸದಾಗಿ ಅರ್ಜಿ ಹಾಕಿದೆವು. ಈ ಸಲ ಪೇದೆ ಬರುವವರೆಗೆ ಇಬ್ಬರೂ ಮನೆ ಬಿಟ್ಟು ಕದಲಲಿಲ್ಲವಂತೆ. ಎರಡೂ ಫೈಲುಗಳನ್ನು ನಾನೇ ಮುಂಬೈಯ ದೂತಾವಾಸದ ಕಚೇರಿಗೆ ಒಯ್ದು ಕೊಟ್ಟೆ. ಮೂರನೆಯ ವಾರ ಪಾಸ್‌ಪೋರ್ಟುಗಳು ವೀಸಾ ಹೊತ್ತು ಬಂದವು.

ಒಯ್ಯಲು ಇಬ್ಬರೂ ಬಂದರು. ಕಾಕಾ ಮಾಲಕರ ಕೋಣೆಗೆ ಪೇಢೆಯ ಡಬ್ಬಿ ಹಿಡಿದು ಹೋದರು. ಅಲ್ಲಿಂದ ಅವರ ನಗು ಕೇಳುತ್ತಿತ್ತು. ಕಾಕು ನನ್ನೆದುರು ಕೂತು ಪಾಸ್‌ಪೋರ್ಟಿನ ಪುಟ ತೆರೆದು ವೀಸಾ ನೋಡುತ್ತಿದ್ದರು. ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತೆಂದು ನಾನು ಅಂದುಕೊಂಡೆ. ಅಂದುಕೊಂಡು ಸುಮ್ಮನಿರಬೇಕಿತ್ತು. "ನೋಡ್ರಿ ಕಾಕು, ಆಗೋದೆಲ್ಲಾ ಒಳ್ಳೇದಕ್ಕ ಅಂತಾರ. ಕಡೀಕೆ ಎಲ್ಲಾ ಒಳ್ಳೇದ ಆತಲ್ಲ" ಎಂದೆ.

ಅವರು ಪಾಸ್‌ಪೋರ್ಟು ಮುಚ್ಚಿದರು.

"ಆತ್ರಿ. ಇಲ್ಲ ಅನ್ನಂಗಿಲ್ಲ" ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಅವರು ಭಾಳ ಒಳ್ಳೇರು. ಒಂದು ಮಾತು ಅನಲಿಲ್ಲ. ಆದ್ರ ಬಾಯಾರ, ಅದನ್ನ ಹೇಳಬೇಕಾದಾಕಿ ನಾ ಇದ್ದೆ. ನಲವತ್ತು ವರ್ಷ, ಇವತ್ತ ಹೇಳತೀನಿ, ನಾಳೆ ಹೇಳತೀನಿ ಅಂತ ಬಾಯಾಗ ಇಟಗೊಂಡಿದ್ದೆ. ನೀವು ಅದನ್ನ ಟಪಾಲಿಗೆ ಹಾಕಿಬಿಟ್ರಿ."

ಕಾಕಾ ಕೋಣೆಯಿಂದ ಹೊರಗೆ ಬರುತ್ತಿದ್ದರು. ಕ್ಷಮಿಸಿ ಎನ್ನಲು ಅಷ್ಟೇ ಹೊತ್ತು ಉಳಿದಿತ್ತು, ಅಷ್ಟು ಸಾಕಾಗುತ್ತಲೂ ಇತ್ತು. ನಾನು ಪಾಸ್‌ಪೋರ್ಟು ಕೈ ಸೇರಿತೆಂದು ಬರೆಸಿಕೊಳ್ಳುವ ಪುಸ್ತಕವನ್ನು ಅವರ ಮುಂದೆ ಸರಿಸಿ, "ಇಲ್ಲಿ ಸಹಿ ಮಾಡ್ರಿ ಕಾಕು" ಎಂದೆ.